ಮೂರರಲ್ಲೂ ಎರಡನೆಯವ

ಮೊದಲು ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು. ಮೇಲೆ ಬಂದು ಮೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ 90 ಕಿಲೋಮೀಟರ್ ಸೈಕಲ್. ಸೈಕಲ್ ಇಳಿದರೆ 21.1 ಕಿಲೋಮೀಟರ್ ಓಟ. ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ಇಷ್ಟನ್ನೂ ಮನೆಯಲ್ಲಿ ವಿವರಿಸಿದಾಗ ಅಕ್ಕಿ ಆರಿಸುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು: "ಯಾಕೆ, ಆ ಕಡೆ ಬಸ್ಸಿಲ್ಲವಾ?"

ಬಸ್ಸು ಉಂಟು. ಗೋವಾದ ಪಣಜಿಯಲ್ಲಿ ಬಸ್ಸಿಗೆ ಬರಗಾಲವಿಲ್ಲ. ಆದರೂ 2019ರ ಅಕ್ಟೋಬರ್ 20ರಂದು ಅಲ್ಲಿನ ಮೀರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ಶುರುವಾದಂದಿನಿಂದ ಹೊಟ್ಟೆಗೆ ಬಟ್ಟೆಗೆ ಚೆನ್ನಾಗಿರುವ ಜನ ದುಡ್ಡು ಕೊಟ್ಟು ಹೋಗಿ ಹೀಗೆ ಬಸವಳಿದು ಬರುತ್ತಿದ್ದಾರೆ. ಮೂರೂ ದೂರವನ್ನು ಮೈಲಿಯಲ್ಲಿ ಕೂಡಿಸಿದರೆ 70.3. ಅದೂ ಅರ್ಧದ್ದು. ಪೂರ್ತಿಯದಾದರೆ 3.8 ಕಿಲೋಮೀಟರ್ ಈಜು, 180 ಸೈಕಲ್, 42.2 ಓಟ, ಹದಿನೇಳು ಗಂಟೆಯ ಗಡುವು. ಪೂರ್ತಿಯದು ಒಂದು ಉಂಟು ಎಂಬ ವಿಷಯವನ್ನೇ ಮನೆಯಲ್ಲಿ ಇನ್ನೂ ಹೇಳಿಲ್ಲ.

ನನ್ನ ತಲೆಗೆ ಹುಳ ಬಿಟ್ಟದ್ದು ನಮ್ಮೂರು ಕನ್ಯಾನದ ಪೇಟೆಯ ಹೋಟೆಲಿನ ಪೇಪರು. 2024ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಇದನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದ ಸುದ್ದಿ ಬಂದಿತ್ತು. ಬೆಂಚಿನ ಮೇಲಿದ್ದ ಉಳಿದವರು ಕೂಡಲೇ ಪಕ್ಷ ಹಿಡಿದು ಜಗಳಕ್ಕೆ ನಿಂತರು. ನಾನು ಎಂಟೂವರೆಯಿಂದ ಕಳೆಯುವ ಲೆಕ್ಕಕ್ಕೆ ಕೂತೆ. ಜೀವಮಾನವಿಡೀ ಲೆಡ್ಜರ್ ಬರೆದವನಿಗೆ ಅದು ಚಟ. ಅದಕ್ಕೂ ಮೊದಲು, 2022ರಲ್ಲಿ, ರೈಲ್ವೆಯ ಹಣಕಾಸು ವಿಭಾಗದ ಅಧಿಕಾರಿ ಶ್ರೇಯಸ್ ಹೊಸೂರು ಜರ್ಮನಿಯ ಹ್ಯಾಂಬರ್ಗಿನಲ್ಲಿ ಪೂರ್ತಿ ದೂರವನ್ನೇ 13 ಗಂಟೆ 26 ನಿಮಿಷದಲ್ಲಿ ಮುಗಿಸಿದ್ದರು. ನನಗೆ ಧೈರ್ಯ ಬಂದದ್ದು ಇದನ್ನು ಓದಿ. ಸೈನ್ಯದವರಲ್ಲ, ಪೊಲೀಸರಲ್ಲ, ಲೆಕ್ಕದವರು! ನಮ್ಮ ಜಾತಿಯವರು.

ಹುಳ ಹೊಕ್ಕ ಮೇಲೆ ಹಳೆಯದೆಲ್ಲ ನೆನಪಾಯಿತು. ನಾವು ನಾಲ್ವರು ಹುಡುಗರಿದ್ದೆವು. ಒಬ್ಬ ಈಜಿನಲ್ಲಿ ಮೊದಲು. ನಮ್ಮ ಮಾವನ ತೋಟದ ಕೆರೆಯಲ್ಲಿ ಮುಳುಗಿ ತಳದ ಕೆಂಪುಕಲ್ಲಿನ ಚೂರು ಹಿಡಿದು ಮೇಲೆ ಬರುತ್ತಿದ್ದ. ನಾನು ಸೊಂಟಕ್ಕೆ ಕಟ್ಟಿದ ಒಣ ತೆಂಗಿನಕಾಯಿ ಬಿಚ್ಚಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಇನ್ನೊಬ್ಬನಿಗೆ ಸೈಕಲ್. ಗಂಟೆ ಲೆಕ್ಕದ ಬಾಡಿಗೆ ಸೈಕಲಿನಲ್ಲಿ ನಾವೆಲ್ಲ ಒಳಪೆಡಲ್ ಹೊಡೆಯುತ್ತಿದ್ದಾಗ ಅವನು ಸೀಟಿನ ಮೇಲೆ ಕೂತು ಎರಡೂ ಕೈ ಬಿಡುತ್ತಿದ್ದ. ಮೂರನೆಯವನು ಓಟಗಾರ. ಒಂದು ಸ್ಟಾಪಿನಲ್ಲಿ ಬಸ್ಸು ತಪ್ಪಿದರೆ ಗೇರುಗುಡ್ಡದ ಒಳದಾರಿಯಲ್ಲಿ ಓಡಿ ಮುಂದಿನ ಸ್ಟಾಪಿನಲ್ಲಿ ಅದೇ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಕಂಡಕ್ಟರ್ ಅವನನ್ನು ಬೈದುಬೈದೇ ಟಿಕೆಟು ಹರಿಯುತ್ತಿದ್ದರು. ನಾನು ಮೂರರಲ್ಲೂ ಎರಡನೆಯವ. ಬಹುಮಾನ ಒಂದೇ ಇದ್ದ ಕಾಲ. ಎರಡನೆಯವನಿಗೆ ಹೆಚ್ಚೆಂದರೆ ಒಂದು ಪೆನ್ಸಿಲು.

ಗೋವಾದಲ್ಲಿ ಮೂವರು ಹಂಚಿಕೊಂಡು ಮಾಡುವ ರಿಲೇ ವಿಭಾಗವೂ ಉಂಟು. ಇದಕ್ಕಿಂತ ಒಳ್ಳೆಯ ಯೋಗ ಬೇಕೇ ಎಂದು ಮೂವರಿಗೂ ಫೋನು ಹಚ್ಚಿದೆ. ನಾನು ಮ್ಯಾನೇಜರ್ ಆಗುವ ಅಂದಾಜು. ಈಜಿನವನು ದುಬೈಯಲ್ಲಿದ್ದಾನೆ, ಮಾಳಿಗೆಯ ಮೇಲೆಯೇ ಈಜುಕೊಳ, ರಜೆಯ ದಿನ ಮಕ್ಕಳೊಂದಿಗೆ ಕಾಲು ಅದ್ದುತ್ತಾನಂತೆ. ಸೈಕಲಿನವನು ಬೆಂಗಳೂರಿನಲ್ಲಿ ಒಂದು ಮಂಡಿ ಬದಲಿಸಿಕೊಂಡು ಇನ್ನೊಂದರ ಸರದಿಗೆ ಕಾಯುತ್ತಿದ್ದಾನೆ. ಓಟದವನಿಗೆ ವಿಟ್ಲದಲ್ಲಿ ಅಡಿಕೆ, ಕರಿಮೆಣಸಿನ ವ್ಯಾಪಾರ, ಜೊತೆಗೆ ಸಕ್ಕರೆ ಕಾಯಿಲೆ. ಅಂಗಡಿಯಿಂದ ಕಾರಿಗೆ ನಡೆಯುವುದೇ ಅವನ ವ್ಯಾಯಾಮ. ಆದರೂ ಮೂವರೂ "ಆಯ್ತು ಮಾರಾಯ, ಮಾಡುವಾ" ಎಂದರು. ವಾಟ್ಸಾಪ್ ಗುಂಪು ಆಯಿತು. ಅದರ ಹೆಸರು ಇವತ್ತಿಗೂ 'ಗೋವಾ' ಎಂದೇ ಉಂಟು. ಈಗ ಅದರಲ್ಲಿ ಶುಭೋದಯದ ದಾಸವಾಳ ಮಾತ್ರ ಅರಳುತ್ತದೆ.

ಹೀಗೆ ಮೊದಲ ಸ್ಥಾನದವರು ಮೂವರೂ ಕಣದಿಂದ ಹೊರಗಾದರು. ಆಮೇಲೆ ನಿಯಮ ಓದುತ್ತಾ ಹೋದಂತೆ ಹೊಳೆದದ್ದು, ಈ ಆಟವೇ ಎರಡನೆಯವರಿಗಾಗಿ ಹುಟ್ಟಿದ್ದು ಎಂದು. ಇಲ್ಲಿ ಒಂದರಲ್ಲಿ ಶೂರನಾಗಿ ಇನ್ನೊಂದರಲ್ಲಿ ಮುಳುಗಿದವನಿಗೆ ಜಾಗವಿಲ್ಲ. ಮೂರನ್ನೂ ಸುಮಾರಾಗಿ ಬಲ್ಲವನೇ ದಡ ಸೇರುವುದು. ಹವಾಯಿಯ ಒವಾಹು ದ್ವೀಪದಲ್ಲಿ ಈಜುಗಾರ ಗಟ್ಟಿಯೋ, ಓಟಗಾರ ಗಟ್ಟಿಯೋ, ಸೈಕಲಿನವನು ಗಟ್ಟಿಯೋ ಎಂದು ವಾದ ಹತ್ತಿ, ನೌಕಾಪಡೆಯ ಜಾನ್ ಕಾಲಿನ್ಸ್ ಎಂಬವರು ಅಲ್ಲಿ ಆಗಲೇ ಇದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಹೊಲಿದು ಐರನ್‌ಮ್ಯಾನ್ ಮಾಡಿಬಿಟ್ಟರು. ನಮ್ಮಲ್ಲಾದರೆ ಅಂಥ ವಾದ ಎಲೆ-ಅಡಿಕೆಯಲ್ಲಿ ಮುಗಿಯುತ್ತಿತ್ತು. 1978ರ ಫೆಬ್ರವರಿ 18ರಂದು ಹದಿನೈದು ಜನ ಹೊರಟು ಹನ್ನೆರಡು ಜನ ಮುಗಿಸಿದರು. ಗೆದ್ದವರು ಗಾರ್ಡನ್ ಹಾಲರ್, 11 ಗಂಟೆ 46 ನಿಮಿಷ 58 ಸೆಕೆಂಡು. ನನಗೆ ಪ್ರೀತಿ ಇರುವುದು ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಮೇಲೆ. ಅವರ ಜೊತೆಗಾರರ ಗಾಡಿಯಲ್ಲಿ ನೀರು ಮುಗಿದುಹೋಗಿ, ಓಡುತ್ತಿರುವಾಗಲೇ ಬಿಯರ್ ಕೊಟ್ಟರಂತೆ. ಕುಡಿದು ಓಡಿಯೂ ಎರಡನೆಯವರಾದರು. ಎರಡನೆಯವರ ಕಷ್ಟ ಎಂಥದೆಂದು ಮೊದಲಿನವರಿಗೆ ಗೊತ್ತಾಗುವುದಿಲ್ಲ.

ಇನ್ನು ಯೋಜನೆ. ತರಬೇತಿಗೆ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರ ಬೇಕೆಂದು ಪುಸ್ತಕಗಳೆಲ್ಲ ಹೇಳುತ್ತವೆ. ಗೋವಾದ ಸ್ಪರ್ಧೆ ಅಕ್ಟೋಬರಿಗೋ ನವೆಂಬರಿಗೋ ಬರುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಪುಸ್ತಕದ ಮೊದಲ ವಾರ ಸರಿಯಾಗಿ ನಮ್ಮ ಪತ್ತನಾಜೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ, ಕೋಲ-ನೇಮಗಳು ನಿಲ್ಲುವ, ಊರಿಗೆ ಊರೇ ಕೊಡೆ ರಿಪೇರಿಗೆ ಕೊಡುವ ಹೊತ್ತಿನಲ್ಲಿ ನಾನು ಮನೆಯಿಂದ ಹೊರಡಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಹೊಯ್ಯುವ ಜಿಲ್ಲೆಯಲ್ಲಿ, ಅದರ ಬಹುಪಾಲು ಸುರಿಯುವ ತಿಂಗಳುಗಳಲ್ಲೇ ಈ ತರಬೇತಿ. ಈಜಿಗೂ ಸೈಕಲಿಗೂ ಓಟಕ್ಕೂ ಬೇರೆಬೇರೆ ಬಟ್ಟೆ ಬೇಕೆಂದು ಪುಸ್ತಕದಲ್ಲಿ ಬರೆದಿದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೂರೂ ಒಂದೇ. ಸೈಕಲ್ ಹೊಡೆದರೂ ಈಜಿದಂತೆಯೇ.

ಆಗೊಮ್ಮೆ ಈಗೊಮ್ಮೆ ಮಳೆ ಬಿಟ್ಟು ಹೊಳವಾಗುತ್ತದೆ. ಹೊಳವಾದ ದಿನಕ್ಕೆ ಕನ್ಯಾನದಲ್ಲಿ ಇರುವಷ್ಟು ಹಕ್ಕುದಾರರು ಯಾವ ಆಸ್ತಿಗೂ ಇರಲಿಕ್ಕಿಲ್ಲ. ಒಗೆದ ಬಟ್ಟೆ ಅಂಗಳಕ್ಕೆ ಬರುತ್ತದೆ, ಬೂಸ್ಟು ಹಿಡಿದ ಅಡಿಕೆ ಬರುತ್ತದೆ, ಹಪ್ಪಳದ ಚಾಪೆ ಬರುತ್ತದೆ. ಎಲ್ಲಕ್ಕಿಂತ ಮೊದಲು ಮದ್ದು ಬಿಡುವವನ ಫೋನು ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ನಲವತ್ತು-ನಲವತ್ತೈದು ದಿನಕ್ಕೊಮ್ಮೆ ಬೋರ್ಡೋ ದ್ರಾವಣ ಬಿಡದಿದ್ದರೆ ವರ್ಷದ ಅನ್ನ ಉದುರುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನನ್ನ ಪಟ್ಟಿಯಲ್ಲಿ 'ಭಾನುವಾರ, ಸೈಕಲ್, 60 ಕಿ.ಮೀ.' ಎಂದು ಬರೆದ ದಿನ ನಾನು ನೀಲಿ ಡ್ರಮ್ಮಿನ ಮುಂದೆ ನಿಂತು ಕೋಲಿನಿಂದ ಕದಡುತ್ತಾ, ಪೈಪು ಎಳೆಯುತ್ತಾ ಇರುತ್ತೇನೆ. ಅಂದು ಸಂಜೆ 60 ಕಿ.ಮೀ.ಯನ್ನು ಹೊಡೆದುಹಾಕಿ 'ಬಲವರ್ಧನೆ' ಎಂದು ಬರೆದರೆ ಪಟ್ಟಿ ತುಂಬುತ್ತದೆ. ಪಟ್ಟಿ ತುಂಬುವುದು ನಮ್ಮ ಇಲಾಖೆಯ ಹಳೆಯ ವಿದ್ಯೆ.

ಈಜು ತೋಟದ ಕೆರೆಯಲ್ಲೇ. ಅದೇ ಮಾವನ ಕೆರೆ. ಗುಡ್ಡದೊಳಗಿನ ಸುರಂಗದಿಂದ ಬೆರಳುಗಾತ್ರ ನೀರು ಬಂದು ಬೀಳುವ, ನಾಲ್ಕೂ ಕಡೆ ಕೆಂಪುಕಲ್ಲು ಕಟ್ಟಿದ ಕೆರೆ. ಉದ್ದ ಹದಿನೈದು ಮೀಟರು. 1.9 ಕಿಲೋಮೀಟರ್ ಆಗಬೇಕಾದರೆ ಈ ದಡದಿಂದ ಆ ದಡಕ್ಕೆ ನೂರ ಇಪ್ಪತ್ತೇಳು ಸಲ. ಮೂವತ್ತರ ನಂತರ ಲೆಕ್ಕ ತಪ್ಪುತ್ತದೆ. ಅದಕ್ಕೆ ಅತ್ತೆ ದಡದಲ್ಲಿ ಅಡಿಕೆ ಸುಲಿಯುವ ಕತ್ತಿಯನ್ನು ಕಾಲಿನಡಿ ಹಾಕಿ ಕೂತರು: ನಾನೊಂದು ದಡ ಮುಟ್ಟಿದರೆ ಅವರು ಒಂದು ಅಡಿಕೆಯನ್ನು ಬುಟ್ಟಿಯಿಂದ ತೆಗೆದು ಬೇರೆ ಇಡಬೇಕು, ಕೊನೆಗೆ ಎಣಿಸುವುದು. ಎಪ್ಪತ್ತು ದಾಟಿದ ಅತ್ತೆಯ ಕೈ ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಅಡಿಕೆಯ ಸಿಪ್ಪೆ ಬಿಡಿಸುತ್ತದೆ. ನಾನು ಆಚೆ ದಡದಿಂದ ಈಚೆ ದಡಕ್ಕೆ ಬರುವಷ್ಟರಲ್ಲಿ ಅವರಿಗೆ ಬೇಸರ ಬಂದು ನಾಲ್ಕೈದು ಸುಲಿದು, ಯಾವುದು ನನ್ನದು ಯಾವುದು ತನ್ನದು ಎಂಬುದೇ ಮರೆತುಹೋಗುತ್ತಿತ್ತು. "ಎಷ್ಟಾಯ್ತು ಅತ್ತೆ?" ಎಂದರೆ "ಒಂದೂವರೆ ಕಿಲೋ ಆಯ್ತು" ಎನ್ನುತ್ತಿದ್ದರು. ನಾನು ಕಿಲೋಮೀಟರ್ ಎಂದು ಸಂತೋಷಪಟ್ಟರೆ ಅವರದು ಸುಲಿದ ಅಡಿಕೆಯ ತೂಕ.

ಕೆರೆಯಲ್ಲಿ ಎಷ್ಟು ಬಡಿದರೂ ಕಡಲು ಬೇರೆ. ಅಲ್ಲಿ ಗೋಡೆಯಿಲ್ಲ, ತಳ ಕಾಣುವುದಿಲ್ಲ. ಕೆಲವು ಕೈಗೊಮ್ಮೆ ತಲೆಯೆತ್ತಿ ತೇಲುವ ಗುರುತು ಎಲ್ಲಿದೆಯೆಂದು ನೋಡದಿದ್ದರೆ 1.9 ಹೋಗಿ ಎರಡೂವರೆ ಆಗುತ್ತದೆ. ಈಜಿಗೆ ಇರುವ ಗಡುವು 1 ಗಂಟೆ 10 ನಿಮಿಷ ಮಾತ್ರ. ನಮಗೆ ಹತ್ತಿರದ ಕಡಲು ಉಪ್ಪಳದ್ದು; ಕನ್ಯಾನದಿಂದ ಬಾಯಾರಿಗಾಗಿ ಗಡಿ ದಾಟಿ ಕೇರಳಕ್ಕೆ ಇಳಿದರಾಯಿತು. ಆದರೆ ಮಳೆಗಾಲದಲ್ಲಿ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನೇ ಕಡಲಿಗೆ ಬಿಡದ ಕಾಲ. ಯಾಂತ್ರಿಕ ದೋಣಿ ಇಳಿಯದ ನೀರಿಗೆ ನಾನು ಚಡ್ಡಿಯಲ್ಲಿ ಇಳಿಯುವುದೇ? ಆದ್ದರಿಂದ ಕಡಲಿನ ಪಾಠ ಮೇ ತಿಂಗಳೊಳಗೆ ಮುಗಿಯಬೇಕು, ಇಲ್ಲವೇ ಸೆಪ್ಟೆಂಬರ್ ದಾಟಬೇಕು. ಅದೂ ಜೊತೆಗೊಬ್ಬ ಸ್ಥಳೀಯ ಮೀನುಗಾರನಿದ್ದರೆ ಮಾತ್ರ. ಇದೊಂದು ವಿಷಯದಲ್ಲಿ ತಮಾಷೆ ಬೇಡ. ಈಜು ಬಲ್ಲೆನೆಂದು ಕಡಲಿಗಿಳಿದು ಹೆಣವಾದವರ ಸುದ್ದಿ ನಮ್ಮ ಪೇಪರಿನಲ್ಲಿ ಪ್ರತಿ ವರ್ಷ ಬರುತ್ತದೆ.

ಸೈಕಲ್ ತಂದ ದಿನ ನೆರೆಮನೆಯ ಹಿರಿಯರು ಅದರ ಸುತ್ತ ಎರಡು ಪ್ರದಕ್ಷಿಣೆ ಬಂದರು. "ಸ್ಟ್ಯಾಂಡ್ ಇಲ್ಲವಾ?" ಇಲ್ಲ. "ಬೆಲ್ಲು?" ಇಲ್ಲ. "ಮಡ್‌ಗಾರ್ಡು?" ಇಲ್ಲ. "ಕ್ಯಾರಿಯರೂ ಇಲ್ಲವಾ? ಮತ್ತೆ ಹಿಂಡಿಯ ಗೋಣಿ ಎಲ್ಲಿ ಇಡುವುದು?" ಬೆಲೆ ಕೇಳಿದ ಮೇಲೆ ಅವರು ಅಂಗಳದ ಕಟ್ಟೆಯಲ್ಲಿ ಕೂತು ಸ್ವಲ್ಪ ನೀರು ಕೇಳಿದರು.

ಸೈಕಲಿನ ದಾರಿಯನ್ನು ಕಾಗದದ ಮೇಲೆ ಗೀಚಿದ ರಾತ್ರಿ ನಾನು ಬಹಳ ಸುಖಿಯಾಗಿದ್ದೆ ಎಂದೇ ಹೇಳಬೇಕು. ಕನ್ಯಾನದಿಂದ ವಿಟ್ಲ, ಕಲ್ಲಡ್ಕ, ಬಿ.ಸಿ.ರೋಡು, ಅಲ್ಲಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಅಲ್ಲಿ ಎಡಕ್ಕೆ ತಿರುಗಿ ವೇಣೂರು, ಮೂಡುಬಿದಿರೆ. ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರ್ ಅಲ್ಲಿಗೇ ಆಗುತ್ತದೆ. ಸಿದ್ಧಕಟ್ಟೆಗಾಗಿ ಬಂಟ್ವಾಳಕ್ಕೆ ಇಳಿದು ಮನೆಗೆ ಮುಟ್ಟಿ, ಗುರುವಾಯನಕೆರೆಯಿಂದ ಉಜಿರೆಗೊಮ್ಮೆ ಹೋಗಿಬರುವುದನ್ನೂ ಸೇರಿಸಿದರೆ ಪೂರ್ತಿ ಸ್ಪರ್ಧೆಯ 180ರ ಹತ್ತಿರ ಬರುತ್ತದೆ. ಮೂರು ತಾಲೂಕು, ಒಂದು ಸುತ್ತು. ಅರ್ಧಕ್ಕಾದರೆ ಮೂಡುಬಿದಿರೆಯಲ್ಲೇ ಇಳಿಯಬೇಕು. ಆದರೆ ವಾಪಸ್ ಬರುವುದು ಹೇಗೆ? ಹಿಂದೆ ಬಸ್ಸಿನ ಟಾಪಿನ ಮೇಲೆ ಬಾಳೆಗೊನೆ, ಕೋಳಿಪಂಜರಗಳ ನಡುವೆ ಸೈಕಲನ್ನೂ ಹಾಕುತ್ತಿದ್ದರು. ಈಗಿನ ಬಸ್ಸುಗಳಿಗೆ ಟಾಪೂ ಇಲ್ಲ, ಹತ್ತಿ ಕಟ್ಟುವ ಕ್ಲೀನರೂ ಇಲ್ಲ.

ಈ ದಾರಿಯಲ್ಲಿ ಒಬ್ಬ ದೊಡ್ಡ ಟ್ರಯಥ್ಲೀಟ್ ನಿಂತಿದ್ದಾನೆ ಎಂಬುದು ಗೀಟು ಎಳೆಯುವಾಗ ಹೊಳೆಯಿತು. ವೇಣೂರಿನಲ್ಲಿ, ಫಲ್ಗುಣಿಯ ದಡದಲ್ಲಿ, ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ ಮೂವತ್ತೈದು ಅಡಿಯ ಬಾಹುಬಲಿ. ಅಣ್ಣ ಭರತನೊಂದಿಗೆ ಅವನ ಸ್ಪರ್ಧೆಯೂ ಮೂರೇ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ನೀರಿನದು ಇತ್ತಲ್ಲ! ಅವನು ಮೂರರಲ್ಲೂ ಮೊದಲಿಗ. ಗೆದ್ದು, ಗೆದ್ದದ್ದನ್ನು ಅಲ್ಲೇ ಬಿಟ್ಟು, ಬಳ್ಳಿ ಹಬ್ಬುವಷ್ಟು ಕಾಲ ನಿಂತ. ಸೋತ ಭರತನಿಗೆ ರಾಜ್ಯ ಸಿಕ್ಕಿತು. ಮೂರರಲ್ಲೂ ಎರಡನೆಯವನಾದ ಭರತನ ಬಗ್ಗೆ ಯಾರೂ ಮರುಕಪಡುವುದಿಲ್ಲ. ನನಗಂತೂ ಅವನ ಮೇಲೆ ಸ್ವಲ್ಪ ಕಕ್ಕುಲತೆ ಉಂಟು. 2024ರ ಮಹಾಮಸ್ತಕಾಭಿಷೇಕದ ಜನಜಂಗುಳಿಯಲ್ಲಿ ನಿಂತು ನೋಡಿದಾಗ ಇದ್ಯಾವುದೂ ತಲೆಗೆ ಬಂದಿರಲಿಲ್ಲ. ಆಗ ಊಟದ ಸಾಲು ಎಲ್ಲಿ ಎಂಬುದೇ ಮುಖ್ಯವಾಗಿತ್ತು.

ಮೂಡುಬಿದಿರೆಯ ಕಡೆಗೆ ಬಂದರೆ ಇನ್ನೂ ಒಳ್ಳೆಯ ಮಾದರಿಗಳಿವೆ. ಕಂಬಳದ ಕೋಣವನ್ನು ಕೆರೆಯಲ್ಲಿ ಈಜಿಸುತ್ತಾರೆ, ಗದ್ದೆಯಲ್ಲಿ ಓಡಿಸುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಬೇಯಿಸಿದ ಹುರುಳಿ ತಿನ್ನಿಸುತ್ತಾರೆ. ಸೈಕಲ್ ಒಂದು ಬಿಟ್ಟರೆ ತರಬೇತಿ ಪರಿಪೂರ್ಣ, ಯಜಮಾನನ ಪ್ರೀತಿಯೂ ಪರಿಪೂರ್ಣ. ಅದೇ ಸೀಮೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಓಟದ ಕರೆಯಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಎದ್ದು ಕೂತಿತು, ಟ್ರ್ಯಾಕಿನ ಪರೀಕ್ಷೆಗೆ ಕರೆ ಬಂತು. ಕಂಬಳವೇ ಸಾಕೆಂದು ಅವರು ಊರಲ್ಲೇ ಉಳಿದರು. ನನಗೆ ಯಾರೂ ಕರೆ ಕಳಿಸಿಲ್ಲ. ನಾನೇ ಶುಲ್ಕ ಕಟ್ಟಿ ಹೋಗಬೇಕು.

ತಿನ್ನುವುದರ ವಿಷಯ ಸಣ್ಣದಲ್ಲ. ಗಂಟೆಗೆ ಕಡಿಮೆಯೆಂದರೂ ಅರುವತ್ತು ಗ್ರಾಂ ಶರ್ಕರಪಿಷ್ಟ ಒಳಗೆ ಹೋಗಬೇಕು, ಇಲ್ಲದಿದ್ದರೆ ಓಟದ ಅರ್ಧದಲ್ಲಿ ಕಣ್ಣು ಕತ್ತಲೆ. ಅದಕ್ಕೆ ಜೆಲ್ ಎಂಬ ಅಂಟು ಬರುತ್ತದೆ. ಒಂದು ಚೀಟಿಗೆ ಸುಮಾರು ಇಪ್ಪತ್ತೈದು ಗ್ರಾಂ. ಒಂದು ದೊಡ್ಡ ನೇಂದ್ರ ಬಾಳೆಹಣ್ಣಿನಲ್ಲಿ ಅದಕ್ಕಿಂತ ಕಡಿಮೆಯೇನಿಲ್ಲ, ಬೆಲೆಯಲ್ಲಿ ಮಾತ್ರ ಬಹಳ ಕಡಿಮೆ. ಬೊಂಡ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಉಪ್ಪಿನಂಶ ಕಡಿಮೆ. ನಮ್ಮ ಸೆಕೆಯಲ್ಲಿ ಬೆವರಿನೊಂದಿಗೆ ಹೋಗುವುದು ಉಪ್ಪೇ. ಗಂಜಿಯ ತೆಳಿಗೆ ಒಂದು ಚಿಟಿಕೆ ಉಪ್ಪು ಹಾಕಿ ಬಾಟಲಿಗೆ ಸುರಿದುಕೊಂಡರೆ ಎರಡೂ ಕೆಲಸ ಆಗುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಕೋಚೂ ಅಲ್ಲ. ಗದ್ದೆ ಕೆಲಸಕ್ಕೆ ಬರುತ್ತಿದ್ದವರು ಹನ್ನೊಂದು ಗಂಟೆಗೆ ಕೇಳಿ ಕುಡಿಯುತ್ತಿದ್ದದ್ದೇ ಅದು. ಒಂದು ನಿಯಮ ಮಾತ್ರ ಎಲ್ಲರೂ ಒಪ್ಪಿದ್ದು: ಸ್ಪರ್ಧೆಯ ದಿನ ಹೊಸದೇನನ್ನೂ ಬಾಯಿಗೆ ಹಾಕಬಾರದು. ತೊಡೆ ಉಜ್ಜಿ ಹುಣ್ಣಾಗದಂತೆ ತೆಂಗಿನೆಣ್ಣೆ ಧಾರಾಳ.

ಮತ್ತೊಂದು ಅಭ್ಯಾಸ, ಸೈಕಲ್ ಇಳಿದ ಕೂಡಲೇ ಓಡುವುದು. ವಾರಕ್ಕೊಮ್ಮೆಯಾದರೂ ಮಾಡದಿದ್ದರೆ ಸ್ಪರ್ಧೆಯ ದಿನ ಕಾಲು, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಚಾಪೆಯಿಂದ ಎದ್ದವನ ಕಾಲಿನ ಹಾಗೆ, ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಬೀಳುತ್ತದೆ. ವಾರಕ್ಕೊಂದು ವಿಶ್ರಾಂತಿ ದಿನವನ್ನೂ ಪುಸ್ತಕ ಕಡ್ಡಾಯ ಮಾಡಿದೆ. ಅದನ್ನು ಓದುವಾಗೆಲ್ಲ ನನಗೆ ಇಲ್ಲೇ ಪಕ್ಕದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ನೆನಪು. ಕೂಲಿ ಕೆಲಸ ಮುಗಿಸಿ ಬಂದು, ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು, ಒಂದರ ಹಿಂದೊಂದು ಬರಿದಾದರೂ ಮತ್ತೆ ಕೊರೆದು, ನೀರು ತಂದು ಬೋಳುಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದವರು. 2022ರಲ್ಲಿ ಪದ್ಮಶ್ರೀ ಬಂತು. ಅವರಲ್ಲಿ ವಿಶ್ರಾಂತಿ ದಿನದ ಪಟ್ಟಿ ಕೇಳುವ ಧೈರ್ಯ ಯಾರಿಗಿದೆ?

ಉಳಿದದ್ದು ಓಟ. ದೂರ ದೊಡ್ಡದೇನಲ್ಲ, ತೊಂದರೆ ಊರಿನದ್ದು. ಕನ್ಯಾನದಲ್ಲಿ ಐವತ್ತು ದಾಟಿದವನು ಓಡಬೇಕಾದರೆ ಹಾವು ಕಚ್ಚಿರಬೇಕು, ದನ ತಪ್ಪಿಸಿಕೊಂಡಿರಬೇಕು, ಇಲ್ಲವೇ ಯಾರಿಗೋ ಕೊನೆಯುಸಿರಾಗಿರಬೇಕು. ನಾನು ಮೊದಲ ಬಾರಿ ವಿಟ್ಲದ ರಸ್ತೆಯಲ್ಲಿ ಓಡಿದ ಬೆಳಿಗ್ಗೆ ಒಂದು ಜೀಪು ಪಕ್ಕಕ್ಕೆ ಬಂದು "ಯಾರಿಗೆ? ಎಂತ ಆಯ್ತು?" ಎಂದಿತು. "ಏನಿಲ್ಲ, ಸುಮ್ಮನೆ" ಎಂದೆ. ಸುಮ್ಮನೆ ಎಂಬುದನ್ನು ಅವರು ನಂಬಲಿಲ್ಲ. ಬಾಗಿಲು ತೆರೆದರು, ಕೈ ಹಿಡಿದು ಎಳೆದು ಕೂರಿಸಿದರು, ಮನೆಯ ಅಂಗಳದವರೆಗೂ ತಂದು ಬಿಟ್ಟರು, ಹೆಂಡತಿಯ ಹತ್ತಿರ ಗುಟ್ಟಾಗಿ "ಸ್ವಲ್ಪ ನೋಡಿಕೊಳ್ಳಿ" ಎಂದೂ ಹೇಳಿಹೋದರು. ಇಷ್ಟು ಕರುಣೆಯ ಊರಿನಲ್ಲಿ 21 ಕಿಲೋಮೀಟರ್ ಓಡಿ ಮುಗಿಸುವುದು ಸುಲಭವಲ್ಲ.

ಆದ್ದರಿಂದ ಕನ್ಯಾನ, ವಿಟ್ಲ, ಬಾಯಾರು ಕಡೆಯವರಲ್ಲಿ ಒಂದು ವಿನಂತಿ. ಬರುವ ಮಳೆಗಾಲದಲ್ಲಿ ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ, ಹಳದಿ ಅಂಗಿ ಹಾಕಿಕೊಂಡು ಏದುಸಿರು ಬಿಡುತ್ತಾ ಒಬ್ಬ ಓಡುವುದು ಕಂಡರೆ ಗಾಡಿ ನಿಲ್ಲಿಸಬೇಡಿ, ಮನೆಗೆ ಫೋನು ಮಾಡಬೇಡಿ. ನಾಯಿ ಕಟ್ಟಿಹಾಕಿದರೆ ಉಪಕಾರ. ಗಂಜಿ ತೆಳಿ ಕೊಟ್ಟರೆ ಬೇಡ ಎನ್ನುವುದಿಲ್ಲ, ಉಪ್ಪು ಹಾಕಿರಲಿ.